ಸದ್ಯಕ್ಕೆ ಆಫ್

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂದು ನನಗಿನ್ನೂ ಗೊತ್ತಾಗಿಲ್ಲ. ಗೊತ್ತಾಗುವ ಮೊದಲೇ ಶುರುವಾಗಿಬಿಟ್ಟಿದೆ, ಅದನ್ನು ನೀವೂ ಗಮನಿಸಿರುತ್ತೀರಿ.

ಮೊದಲ ಕರಡಿನಲ್ಲಿ ಒಬ್ಬ ಹ್ಯಾಕರ್ ಇದ್ದ. ಕತ್ತಲ ಕೋಣೆ, ತಲೆಗೆ ಮುಸುಕು, ಮುಖದ ಮೇಲೆ ಸ್ಕ್ರೀನಿನ ಹಸಿರು ಬೆಳಕು. ಒಂದು ಪುಟ ಬರೆಯುವಷ್ಟರಲ್ಲಿ ನನಗೇ ನಗು ಬಂತು. ನಾನು ಬರೆಯಲು ಹೊರಟಿದ್ದು ಒಂದು ಆಸ್ಪತ್ರೆಯ ಸರ್ವರಿನ ಬಗ್ಗೆ. ಅಲ್ಲಿ ಬಾಗಿಲು ಒಡೆಯುವ ಶ್ರಮ ಯಾವ ಹ್ಯಾಕರನಿಗೂ ಬೇಕಿರಲಿಲ್ಲ, ಒಳಗಿನವರೇ ಅದನ್ನು ತೆಗೆದಿಟ್ಟು ಕೂತಿದ್ದರು. ಹ್ಯಾಕರನನ್ನು ಮನೆಗೆ ಕಳಿಸಿದೆ. (ಹೋಗುವಾಗ ಮುಸುಕು ಬಿಟ್ಟು ಹೋಗಿದ್ದಾನೆ. ಮುಂದಿನ ಕಥೆಗೆ ಬೇಕಾಗಬಹುದು.)

ಎರಡನೆಯ ಕರಡು ‘ನಂಬಿಕೆ ಎಂದರೇನು?’ ಎಂಬ ಪ್ರಶ್ನೆಯಿಂದ ಶುರುವಾಗಿತ್ತು. ಹೀಗೆ ಶುರುವಾಗುವ ಕಥೆಗಳನ್ನು ನಾನೇ ಎರಡನೆಯ ಸಾಲಿಗೆ ಮಡಚಿಟ್ಟು ಚಹಾ ಕುಡಿಯಲು ಎದ್ದು ಹೋಗುತ್ತೇನೆ. ನಿಮಗೆ ಆ ಕಷ್ಟ ಬೇಡ.

ಮೂರನೆಯ ಕರಡು ಇದು. ಆಸ್ಪತ್ರೆಯ ಸರ್ವರಿಗೆ ಒಂದು ಸೆಟ್ಟಿಂಗ್ ಫೈಲ್ ಇದೆ. ಅದರ ನಡುವೆ ಎಲ್ಲೋ ಒಂದು ಸಾಲು: ‘ವೆರಿಫೈ: ಆಫ್’. ಅದರ ಪಕ್ಕದಲ್ಲೇ, ಬರೆದವರು ತಮ್ಮ ಸಮಾಧಾನಕ್ಕೆ ಸೇರಿಸಿಕೊಂಡ ಒಂದೇ ಪದದ ಟಿಪ್ಪಣಿ: ‘ಸದ್ಯಕ್ಕೆ’. ಆ ಸಾಲಿಗೂ ಈ ಪದಕ್ಕೂ ನಡುವೆ ಒಂದು ಜೀವ ಸಿಕ್ಕಿಕೊಳ್ಳುತ್ತದೆ. ಕಥೆ ಅಷ್ಟೇ. ಇನ್ನುಳಿದದ್ದು ನನ್ನ ಹರಟೆ, ಅದನ್ನು ಬಿಟ್ಟು ಓದಿದರೂ ನನಗೆ ಬೇಸರವಿಲ್ಲ. (ಇದೆ.)

ಆ ಸಾಲು ಬರೆದವಳು ನಮ್ಮ ನಾಯಕಿ. ಆಸ್ಪತ್ರೆಯ ಸರ್ವರುಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ನೆಲಮಾಳಿಗೆಯಲ್ಲಿ ಒಂದು ತಣ್ಣನೆಯ ಕೋಣೆ, ಹಗಲೂ ಇರುಳೂ ಗುಂಯ್ ಎನ್ನುವ ಫ್ಯಾನುಗಳು, ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಕೆಳಗಿಟ್ಟ ಒಂದು ಬಕೆಟ್, ಕುರ್ಚಿಯ ಬೆನ್ನಿಗೆ ಸದಾ ನೇತಾಡುವ ಒಂದು ಸ್ವೆಟರ್. ನಾನು ಅವಳನ್ನು ‘ಸೊಸೆ’ ಎಂದು ಕರೆಯಲು ತೀರ್ಮಾನಿಸಿದೆ. ಅವಳಿಗೆ ಸಿಟ್ಟು ಬಂತು. ಇಷ್ಟು ಓದಿ, ಇಷ್ಟು ವರ್ಷ ಸರ್ವಿಸ್ ಮಾಡಿ, ಕೊನೆಗೆ ಕಥೆಯೊಳಗೂ ಸೊಸೆಯೇ ಆಗಬೇಕೇ ಎಂದು ಕೇಳಿದಳು. ನಿನ್ನ ಹುದ್ದೆಯ ಹೆಸರು ಅರ್ಧ ಸಾಲು ಉದ್ದವಿದೆ, ಓದುವವರು ಅದರ ಕೊನೆ ಮುಟ್ಟುವುದರೊಳಗೆ ನಿನಗೆ ಪ್ರಮೋಷನ್ ಆಗಿರುತ್ತದೆ ಎಂದೆ. ನಿಜವಾದ ಕಾರಣವನ್ನೂ ಹೇಳಿದೆ: ಕಥೆಯಲ್ಲಿ ಅತ್ತೆ ಬರುತ್ತಾರೆ.

ಅವಳು ಕುರ್ಚಿಯ ಬೆನ್ನಿನಿಂದ ಸ್ವೆಟರ್ ಎಳೆದುಕೊಂಡಳು.

“ಅವರನ್ನ ತರಲೇಬೇಕಾ?” ಎಂದಳು.

೨

ಈಗ ಆ ಸಾಲು ಏನನ್ನು ಆಫ್ ಮಾಡಿತು ಎಂದು ಹೇಳಬೇಕು. ಇಲ್ಲಿ ನಾನು ತಪ್ಪುತ್ತೇನೆ, ಅವಳು ತಿದ್ದುತ್ತಾಳೆ, ನೀವು ನಗಬಹುದು.

ಡಾಕ್ಟರು ತಮ್ಮ ಕೋಣೆಯಲ್ಲಿ ಕೂತು ಇಂಥ ಬೆಡ್ಡಿಗೆ ಇಂಥ ಔಷಧಿ ಇಷ್ಟು ಎಂದು ಕಂಪ್ಯೂಟರಿನಲ್ಲಿ ಬರೆಯುತ್ತಾರೆ. ಅದು ಸರ್ವರಿಗೆ ಬರುತ್ತದೆ. ಸರ್ವರಿನಿಂದ ಬೆಡ್ಡಿನ ಪಕ್ಕದ ಸ್ಕ್ರೀನಿಗೆ ಹೋಗುತ್ತದೆ. ಸಿಸ್ಟರು ಅದನ್ನು ಓದಿ ಔಷಧಿ ಕೊಡುತ್ತಾರೆ. ಹೀಗೆ ಸರ್ವರಿನ ಬಾಗಿಲಿಗೆ ಬರುವ ಪ್ರತಿಯೊಂದು ಯಂತ್ರವೂ ನಾನು ಇಂಥವನು ಎನ್ನುವ ಒಂದು ಸರ್ಟಿಫಿಕೇಟ್ ತೋರಿಸಬೇಕು. ತೋರಿಸಿದರೆ ಸಾಲದು. ಇದಕ್ಕೆ ಸಹಿ ಹಾಕಿದವರು ಯಾರು ಎಂದು ಸರ್ವರ್ ಕೇಳುತ್ತದೆ. ಒಂದು ನಡುವಿನ ಸರ್ಟಿಫಿಕೇಟಿನ ಹೆಸರು ಬರುತ್ತದೆ. ಅದಕ್ಕೆ ಸಹಿ ಹಾಕಿದವರು ಯಾರು? ಅದರ ಮೇಲಿನದು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, ಕೊನೆಗೆ ತನಗೆ ಗೊತ್ತಿರುವ ಮೂಲ ಸರ್ಟಿಫಿಕೇಟ್ ಸಿಕ್ಕಿದರೆ ಮಾತ್ರ ಒಳಗೆ ಬಾ ಎನ್ನುತ್ತದೆ. ಕೊಂಡಿ ಎಲ್ಲಿ ತಪ್ಪಿದರೂ ಬಾಗಿಲು ಹಾಕಿಕೊಳ್ಳುತ್ತದೆ.

ಆ ಮೂಲಕ್ಕೆ ಸಹಿ ಹಾಕಿದವರು ಯಾರು ಎಂದು ನಾನು ಕೇಳಿದೆ. ಅದಕ್ಕೆ ಅದೇ ಹಾಕಿಕೊಂಡಿರುತ್ತದೆ ಎಂದಳು.

ನನಗೆ ನಗು ತಡೆಯಲಾಗಲಿಲ್ಲ. ಯಾಕೆಂದರೆ ಈ ಏರ್ಪಾಡು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಮೊದಲ ಪುಸ್ತಕಕ್ಕೆ ಒಬ್ಬ ಹಿರಿಯರು ಮುನ್ನುಡಿ ಬರೆದು ನನ್ನನ್ನು ಭರವಸೆಯ ದನಿ ಎಂದಿದ್ದರು. ಆ ಹಿರಿಯರ ಮೊದಲ ಪುಸ್ತಕಕ್ಕೆ ಅವರಿಗಿಂತ ಹಿರಿಯರೊಬ್ಬರು ಮುನ್ನುಡಿ ಬರೆದು ಅವರನ್ನು ಭರವಸೆಯ ದನಿ ಎಂದಿದ್ದರು. ಆ ಇನ್ನೂ ಹಿರಿಯರ ಪುಸ್ತಕವನ್ನು ಹುಡುಕಿ ತೆಗೆದು ನೋಡಿದೆ. ಅದರಲ್ಲಿ ಮುನ್ನುಡಿ ಇರಲಿಲ್ಲ. ‘ನನ್ನ ಮಾತು’ ಇತ್ತು.

ಸೊಸೆ ನಗಲಿಲ್ಲ. ತನ್ನ ಕೆಲಸವನ್ನು ತಂದು ಸಾಹಿತ್ಯಕ್ಕೆ ಹೋಲಿಸಿದ್ದು ಅವಳಿಗೆ ಅವಮಾನವಾದ ಹಾಗೆ ಕಂಡಿತು.

“ಅದಕ್ಕದೇ ಸಹಿ ಹಾಕ್ಕೊಂಡಿದೆ ಅಂತ ಅದನ್ನ ಯಾರೂ ನಂಬಲ್ಲ,” ಎಂದಳು. “ಬೀದೀಲಿ ಹೋಗೋ ಯಾರು ಬೇಕಾದ್ರೂ ಹಾಗೆ ಹಾಕ್ಕೋಬಹುದು. ನಾವು ಯೋಚ್ನೆ ಮಾಡಿ, ಇದನ್ನ ನಂಬ್ತೀವಿ ಅಂತ ಸರ್ವರ್ ಒಳಗೆ ಕೈಯಾರೆ ಸೇರಿಸ್ತೀವಲ್ಲ, ಅದಕ್ಕೇ ಅದು ಮೂಲ. ಅದನ್ನ ಪರೀಕ್ಷೆ ಮಾಡೋಕೆ ಬರಲ್ಲ. ಆರಿಸ್ಕೋಬೇಕು.”

ಈ ಮಾತನ್ನು ನೆನಪಿಟ್ಟುಕೊಳ್ಳಿ ಎಂದು ಓದುಗರಿಗೆ ಹೇಳುವುದು ಒಳ್ಳೆಯ ಕಥೆಗಾರರ ಲಕ್ಷಣವಲ್ಲ. ನೆನಪಿಟ್ಟುಕೊಳ್ಳಿ.

೩

ಅತ್ತೆಯನ್ನು ತರುತ್ತಿದ್ದೇನೆ.

ಅತ್ತೆ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವರು. ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ಆ ಕೆಲಸ ಅವರ ಮೈಯಿಂದ ಇಳಿದಿರಲಿಲ್ಲ. ಮಲಗಿದವನನ್ನು ಎಬ್ಬಿಸಿ, ನಿದ್ದೆಯ ನಾಟಕ ಆಡುವವನನ್ನು ಇನ್ನೂ ಜೋರಾಗಿ ಎಬ್ಬಿಸಿ, ಟಿಕೆಟನ್ನು ಬೆಳಕಿಗೆ ಹಿಡಿದು ನೋಡಿದವರು. ಟಿಕೆಟ್ ಸರಿಯಿದ್ದರೂ ಇದನ್ನು ಎಲ್ಲಿ ತೆಗೆಸಿದಿರಿ, ಕೌಂಟರಿನಲ್ಲಿ ಯಾರಿದ್ದರು ಎಂದು ಕೇಳುತ್ತಿದ್ದರಂತೆ. ಅವರ ಬೋಗಿಗೆ ಸಿಕ್ಕಿಕೊಂಡ ಪ್ರಾಮಾಣಿಕ ಪ್ರಯಾಣಿಕರೂ ಬೆವರುತ್ತಿದ್ದರು.

ಮನೆಯಲ್ಲಿ ಅವರ ಒಂದೇ ಮಾತು: “ಯಾರು ಹೇಳಿದ್ದು?”

ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲವಂತೆ ಎಂದು ಸೊಸೆ ಹೇಳಿದರೆ, ಯಾರು ಹೇಳಿದ್ದು? ಪಕ್ಕದ ಮನೆಯವರು. ಅವರಿಗೆ ಯಾರು ಹೇಳಿದ್ದು? ವಾಚ್‌ಮನ್. ಅವನಿಗೆ? ಇಷ್ಟು ಹೊತ್ತಿಗೆ ಸೊಸೆಯ ತಾಳ್ಮೆ ಮುಗಿದು, ನೀರು ಬಂದರೆ ಬರಲಿ ಬಿಟ್ಟರೆ ಬಿಡಲಿ ಎಂದು ಒಳಗೆ ಹೋಗುತ್ತಿದ್ದಳು. ಅತ್ತೆ ಬಿಡುವವರಲ್ಲ. ಕೆಳಗಿಳಿದು ಹೋಗಿ ವಾಚ್‌ಮನ್ನನನ್ನೇ ವಿಚಾರಿಸಿಕೊಂಡು ಬರುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆ ಮಾಡಿದ ಸಾರು ಚೆನ್ನಾಗಿದೆ ಎಂದು ಮಗ ಹೊಗಳಿದ್ದಕ್ಕೂ, ನಿನಗೆ ಯಾರು ಹೇಳಿದ್ದು ಎಂದು ಕೇಳಿದ್ದರಂತೆ.

(ಆ ಮಗ, ಎಂದರೆ ಸೊಸೆಯ ಗಂಡ, ಈ ಕಥೆಯಲ್ಲಿ ಆಗಾಗ ಫೋನ್ ಮಾಡಿ ‘ಅಮ್ಮನ್ನ ಸ್ವಲ್ಪ ನೋಡ್ಕೋ’ ಎನ್ನುತ್ತಾನೆ. ಅವನ ಪಾತ್ರ ಅಷ್ಟೇ. ಅವನಿಗೂ ಅಷ್ಟೇ ಸಾಕಂತೆ.)

ನೋಡಿ, ಇಲ್ಲಿ ಒಂದು ರೂಪಕ ತಾನಾಗಿ ನಡೆದು ಬಂದು ನನ್ನ ಕಾಲ ಬಳಿ ಕೂತಿದೆ. ಹಗಲೆಲ್ಲ ಯಂತ್ರಗಳಿಗೆ ಯಾರು ಹೇಳಿದ್ದು, ಅವರಿಗೆ ಯಾರು ಹೇಳಿದ್ದು ಎಂದು ಕೇಳಿಸುವ ಕೆಲಸ ಮಾಡುವ ಹೆಣ್ಣು, ಅದೇ ಪ್ರಶ್ನೆಯನ್ನು ಮನೆಯಲ್ಲಿ ಅತ್ತೆಯ ಬಾಯಿಂದ ಕೇಳಿ ಹಲ್ಲು ಕಡಿಯುತ್ತಾಳೆ. ಇದನ್ನು ಅವಳಿಗೆ ಹೇಳಿದೆ. ನಿಮ್ಮಂಥವರ ಕಾಟಕ್ಕೇ ನಾನು ಕಥೆ ಓದುವುದನ್ನು ಬಿಟ್ಟಿದ್ದು ಎಂದಳು. ಅಲ್ಲದೆ ಸರ್ವರ್ ಒಂದು ಸಲ ಕೇಳಿ ಸುಮ್ಮನಾಗುತ್ತದೆ, ಅತ್ತೆ ಸುಮ್ಮನಾಗುವುದಿಲ್ಲ, ನಿಮ್ಮ ರೂಪಕ ಸರಿಯಾಗಿಲ್ಲ ಎಂದಳು.

೩ (ಮತ್ತೆ)

ಸಂಖ್ಯೆ ತಪ್ಪಿಲ್ಲ. ಅತ್ತೆಗಿಂತ ಮೊದಲು ಹೇಳಬೇಕಾದದ್ದನ್ನು ಈಗ ಹೇಳುತ್ತಿದ್ದೇನೆ. ಆ ಸಾಲು ಅಲ್ಲಿಗೆ ಹೇಗೆ ಬಂತು ಎಂದು.

ಆಸ್ಪತ್ರೆಗೆ ಹೊಸ ಬ್ಲಾಕ್ ಬಂತು, ಹೊಸ ಯಂತ್ರಗಳು ಬಂದವು. ಅವುಗಳ ಸರ್ಟಿಫಿಕೇಟುಗಳಿಗೆ ಸಹಿ ಹಾಕಿದ ನಡುವಿನ ಸರ್ಟಿಫಿಕೇಟೂ ಹೊಸದು. ಯಂತ್ರವು ಬಾಗಿಲಿಗೆ ಬರುವಾಗ ತನ್ನದರ ಜೊತೆಗೆ ಆ ನಡುವಿನದನ್ನೂ ತಂದು ತೋರಿಸಬೇಕು, ಇಲ್ಲವಾದರೆ ಸರ್ವರಿಗೆ ಮುಂದಿನ ಮೆಟ್ಟಿಲೇ ಕಾಣುವುದಿಲ್ಲ. ಹೊಸ ಯಂತ್ರಗಳು ತಮ್ಮದೊಂದನ್ನೇ ಹಿಡಿದುಕೊಂಡು ಬಂದವು.

ಸೊಸೆ ಇದನ್ನು ಮೊದಲೇ ಪರೀಕ್ಷಿಸಿದ್ದಳು. ಪ್ರಯೋಗಕ್ಕೆಂದೇ ಅವಳ ಬಳಿ ಬೇರೊಂದು ಸರ್ವರ್ ಇತ್ತು. ಅಲ್ಲಿ ಎಲ್ಲ ಯಂತ್ರಗಳೂ ಸಲೀಸಾಗಿ ಒಳಗೆ ಬಂದಿದ್ದವು. ಬರದೆ ಏನು? ಅದಕ್ಕಿಂತ ಮುಂಚೆ ಬೇರೆ ಯಾವುದೋ ಪ್ರಯೋಗಕ್ಕೆ ಆ ನಡುವಿನ ಸರ್ಟಿಫಿಕೇಟನ್ನು ಅವಳೇ ಕೈಯಾರೆ ಆ ಸರ್ವರಿನ ಜೇಬಿಗೆ ಹಾಕಿ ಮರೆತಿದ್ದಳು. ಯಂತ್ರಗಳು ತರದಿದ್ದರೂ ಅದರ ಬಳಿ ಇತ್ತು, ಹಾಗಾಗಿ ಕೊಂಡಿ ಕೂಡಿಕೊಂಡಿತು. ನಿಜವಾದ ಸರ್ವರಿನ ಜೇಬಿನಲ್ಲಿ ಅದು ಇರಲಿಲ್ಲ. ಈ ಕಸುಬಿನವರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು ಇದು ಎಂದು ಅವಳು ಹೇಳುತ್ತಾಳೆ. ನಾನು ಸರಿ ಎಂದು ತಲೆಯಾಡಿಸಿದೆ, ಯಾಕೆಂದರೆ ನಾನೂ ನನ್ನ ಕಥೆಗಳನ್ನು ನನ್ನ ಮೇಲೆಯೇ ಪ್ರಯೋಗ ಮಾಡಿ ಎಲ್ಲರಿಗೂ ಅರ್ಥವಾಗುತ್ತದೆ ಎಂದುಕೊಳ್ಳುತ್ತೇನೆ.

ಉದ್ಘಾಟನೆಯ ದಿನ ಹೊಸ ಬ್ಲಾಕಿನ ಸ್ಕ್ರೀನುಗಳೆಲ್ಲ ಬೋಳಾಗಿ ನಿಂತವು. ಫೋನುಗಳು ಒಂದರ ಮೇಲೊಂದು ಬಡಿದುಕೊಂಡವು. ಆಗ ನೆಲಮಾಳಿಗೆಗೆ ಇಳಿದು ಬಂದವರು ವಿಭಾಗದ ಮುಖ್ಯಸ್ಥರು. ಇವರನ್ನು ಎಲ್ಲರೂ ಹಿಂದಿನಿಂದ ‘ಸದ್ಯಕ್ಕೆ ಸಾಹೇಬರು’ ಎನ್ನುತ್ತಾರೆ. ಒಡೆದ ಕಿಟಕಿಗೆ ಸದ್ಯಕ್ಕೆ ರಟ್ಟು ಅಂಟಿಸಿದವರು, ಏಸಿಯ ಕೆಳಗೆ ಸದ್ಯಕ್ಕೆ ಬಕೆಟ್ ಇಡಿಸಿದವರು, ಸ್ವತಃ ಆ ಕುರ್ಚಿಗೆ ಸದ್ಯಕ್ಕೆಂದು ಬಂದು ಕೂತವರು.

“ನೋಡಮ್ಮ, ಮಂತ್ರಿಗಳು ಕಾರಿಂದ ಇಳಿದಾಯ್ತು,” ಎಂದರು. “ಈ ತಪಾಸಣೆ ಗಿಪಾಸಣೆ ಎಲ್ಲ ಸದ್ಯಕ್ಕೆ ಆಫ್ ಮಾಡು.”

ಸೊಸೆ ಆಫ್ ಮಾಡಿದಳು. ಸ್ಕ್ರೀನುಗಳೆಲ್ಲ ಹೊತ್ತಿಕೊಂಡವು. ಚಪ್ಪಾಳೆಯೂ ಬಿತ್ತು, ರಿಬ್ಬನ್ನಿಗೋ ಸ್ಕ್ರೀನಿಗೋ ಗೊತ್ತಾಗಲಿಲ್ಲ. ಅಂದಿನಿಂದ ಸರ್ವರ್ ಸರ್ಟಿಫಿಕೇಟ್ ತೋರಿಸು ಎನ್ನುವುದನ್ನು ಬಿಡಲಿಲ್ಲ, ತೋರಿಸಿದ್ದನ್ನು ನೋಡುವುದನ್ನು ಬಿಟ್ಟಿತು. ಬೆಡ್ಡಿನ ಪಕ್ಕದ ಸ್ಕ್ರೀನುಗಳ ಮೂಲೆಯಲ್ಲಿ, ಎಲ್ಲ ತಪಾಸಣೆಯಾಗಿದೆ ಎನ್ನುವ ಹಸಿರು ಬೀಗದ ಚಿತ್ರ ಮೊದಲಿನಂತೆಯೇ ಹೊಳೆಯುತ್ತಿತ್ತು. ಚಿತ್ರದ ಬೀಗ ಯಾವತ್ತೂ ಕೆಡುವುದಿಲ್ಲ.

ಸರಿಪಡಿಸಲು ಎಷ್ಟು ಹೊತ್ತು ಬೇಕಿತ್ತು ಎಂದು ಕೇಳಿದೆ. ನಡುವಿನ ಸರ್ಟಿಫಿಕೇಟನ್ನು ಸರ್ವರಿಗೆ ಹಾಕಿ, ಆ ಸಾಲು ಅಳಿಸಿ, ಒಮ್ಮೆ ನಿಲ್ಲಿಸಿ ಶುರು ಮಾಡಿದರೆ ಮುಗಿಯಿತು, ಒಂದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ ಎಂದಳು.

ಹಾಗಾದರೆ ಯಾಕೆ ಮಾಡಲಿಲ್ಲ?

ಅವಳು ಸ್ವೆಟರಿನ ಗುಂಡಿ ಹಾಕಿಕೊಂಡಳು. ನಿಲ್ಲಿಸಲು ಸಾಹೇಬರ ಒಪ್ಪಿಗೆ ಬೇಕು, ಅವರು ಮುಂದಿನ ವಾರ ನೋಡೋಣ ಎನ್ನುತ್ತಿದ್ದರು, ಅವಳು ಎರಡು ಸಲ ಕೇಳಿ ಮೂರನೆಯ ಸಲ ಕೇಳಲಿಲ್ಲ. ಕೊನೆಗೆ ನಿಜವಾದ ಕಾರಣ ಹೇಳಿದಳು.

“ನಡೀತಿತ್ತಲ್ಲ,” ಎಂದಳು.

೪

ಸದ್ಯಕ್ಕೆ ಸಾಹೇಬರು ನನ್ನನ್ನು ಕಾಣಲು ಬಂದಿದ್ದರು. ತಮ್ಮನ್ನು ಇಷ್ಟು ಕೆಟ್ಟದಾಗಿ ಬರೆಯಬಾರದಿತ್ತಂತೆ. ಅವರಿಗೂ ಮೇಲಿನವರು ಇದ್ದಾರೆ, ಆ ಮೇಲಿನವರಿಗೂ ಮೇಲಿನವರು ಇದ್ದಾರೆ, ಎಲ್ಲರೂ ಹೇಳಿದ್ದನ್ನು ಮಾಡುವವರೇ. ಸರಿ, ನಿಮ್ಮ ಬಗ್ಗೆ ಒಂದು ಒಳ್ಳೆಯ ಪ್ಯಾರಾ ಸೇರಿಸುತ್ತೇನೆ, ಸದ್ಯಕ್ಕೆ ಜಾಗ ಖಾಲಿ ಬಿಟ್ಟಿದ್ದೇನೆ ಎಂದು ಸಾಗಹಾಕಿದೆ.

(                                        )

೫

ಅತ್ತೆಗೆ ಸಕ್ಕರೆ ಕಾಯಿಲೆ. ಕಾಲಿನಲ್ಲಾದ ಗಾಯ ಮಾಯದೆ, ಅದೇ ಆಸ್ಪತ್ರೆಯ ಹೊಸ ಬ್ಲಾಕಿನಲ್ಲಿ ಮಲಗಿಸಿದರು. ಮೊದಲ ದಿನವೇ ವಾರ್ಡಿನ ಸಿಸ್ಟರಿಗೆ ಅವರ ಪರಿಚಯವಾಯಿತು. ಮಾತ್ರೆ ಕೊಟ್ಟರೆ ಯಾರು ಬರೆದದ್ದು ಎಂದು ಕೇಳುವರು. ಡಾಕ್ಟರು ಎಂದರೆ ಯಾವ ಡಾಕ್ಟರು, ಅವರು ನನ್ನನ್ನು ನೋಡಿ ಬರೆದರೋ ನೋಡದೆ ಬರೆದರೋ ಎನ್ನುವರು. ಡಾಕ್ಟರು ಬಂದರೆ ಅವರನ್ನೂ ಬಿಡಲಿಲ್ಲ, ರಕ್ತದ ರಿಪೋರ್ಟ್ ಕೊಟ್ಟವರು ಯಾರು ಎಂದು ಕೇಳಿದರು. ಸಿಸ್ಟರು ನೆಲಮಾಳಿಗೆಗೆ ಫೋನ್ ಮಾಡಿ, ಮೇಡಂ, ನಿಮ್ಮತ್ತೆಗೆ ಸ್ವಲ್ಪ ಹೇಳಿ ಎಂದು ಬೇಡಿಕೊಂಡರು.

ಸೊಸೆ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮೇಲೆ ಹೋಗಿ ಅತ್ತೆಯ ಪಕ್ಕದಲ್ಲಿ ಕೂತಳು. ಸ್ಕ್ರೀನ್ ತೋರಿಸಿ ಸಮಾಧಾನವಾಗಿ ವಿವರಿಸಿದಳು. ಡಾಕ್ಟರು ಬರೆದದ್ದೆಲ್ಲ ನನ್ನ ಸರ್ವರಿಗೆ ಬರುತ್ತದೆ, ಬರುವ ಪ್ರತಿಯೊಂದನ್ನೂ ಯಾರು ಕಳಿಸಿದ್ದು, ಅವರಿಗೆ ಯಾರು ಒಪ್ಪಿಗೆ ಕೊಟ್ಟದ್ದು ಎಂದು ಅದು ಕೇಳುತ್ತದೆ, ಸರಿಯಾದ ಉತ್ತರ ಬಂದರೆ ಮಾತ್ರ ಇಲ್ಲಿಗೆ ಬಿಡುತ್ತದೆ ಎಂದಳು. ಹೇಳುತ್ತಾ ಹೇಳುತ್ತಾ ಆ ಸಾಲು ನೆನಪಾಯಿತು. ಆದರೂ ವಾಕ್ಯವನ್ನು ಪೂರ್ತಿ ಮಾಡಿದಳು. ಅರ್ಧಕ್ಕೆ ನಿಲ್ಲಿಸಿದರೆ ಯಾಕೆ ನಿಲ್ಲಿಸಿದೆ ಎಂದು ಅತ್ತೆ ಕೇಳುತ್ತಾರಲ್ಲ.

ಅತ್ತೆ ಹಸಿರು ಬೀಗವನ್ನು ಬಹಳ ಹೊತ್ತು ನೋಡಿದರು. ನಿನ್ನ ಕೆಲಸ ಅಂದರೆ ಇದೇನಾ ಎಂದು ಕೇಳಿದರು. ಇದೇ ಎಂದಳು. ಅತ್ತೆ ಮತ್ತೇನೂ ಕೇಳಲಿಲ್ಲ. ಸೊಸೆಗೆ ಆ ಮೌನ ಗೆದ್ದ ಹಾಗನಿಸಿತು. ನೆಲಮಾಳಿಗೆಗೆ ಇಳಿಯುವಾಗ ಎದೆಯೊಳಗೆ ಏನೋ ಚುಚ್ಚಿತು, ಊಟ ಬಿಟ್ಟಿದ್ದಕ್ಕೆ ಇರಬೇಕು ಎಂದುಕೊಂಡಳು.

ಅವಳು ಹಾಗೆ ಅಂದುಕೊಳ್ಳಲಿಲ್ಲ, ನಾನು ಅವಳ ಪರವಾಗಿ ಅಂದುಕೊಂಡೆ. ಅವಳಿಗೆ ಆಗಲೇ ಚೆನ್ನಾಗಿ ಗೊತ್ತಿತ್ತು.

೬

ಹ್ಯಾಕರ್ ಇಲ್ಲದ ಕಥೆಯಲ್ಲಿ ಅನಾಹುತ ತರುವವರು ಯಾರು? ಕೆಟ್ಟವರು ಯಾರೂ ಇಲ್ಲ, ಅದೇ ನನ್ನ ತಲೆನೋವು.

ಆಸ್ಪತ್ರೆಯ ಹಿಂಬದಿಯಲ್ಲಿ ಒಂದು ತರಬೇತಿ ಕೋಣೆ ಇದೆ. ಅಲ್ಲಿ ರಬ್ಬರಿನ ರೋಗಿಗಳು ಮಲಗಿರುತ್ತಾರೆ, ಕಲಿಯುವ ಸಿಸ್ಟರುಗಳು ಅವರಿಗೆ ಸೂಜಿ ಚುಚ್ಚಿ ಅಭ್ಯಾಸ ಮಾಡುತ್ತಾರೆ. ಅವರಿಗೆ ಕಲಿಸುವ ಟೀಚರು ಬಹಳ ಶ್ರದ್ಧೆಯವರು. ಡಾಕ್ಟರ ಕಂಪ್ಯೂಟರಿನಂತೆಯೇ ಇರುವ ಒಂದು ಯಂತ್ರದಿಂದ ಬೇಕೆಂದೇ ತಪ್ಪಾದ ಆದೇಶಗಳನ್ನು ಬರೆದು ಕಳಿಸುತ್ತಾರೆ. ಊಟ ಮಾಡದ ರೋಗಿಗೆ ಜಾಸ್ತಿ ಇನ್ಸುಲಿನ್, ಇಂಥವು. ಕಲಿಯುವವರು ತಪ್ಪನ್ನು ಹಿಡಿಯಬೇಕು. ಆ ಯಂತ್ರದ ಸರ್ಟಿಫಿಕೇಟಿಗೆ ಅದೇ ಯಂತ್ರ ಸಹಿ ಹಾಕಿಕೊಂಡಿದೆ. ಆಟದ ಯಂತ್ರಕ್ಕೆ ಅಷ್ಟು ಸಾಕು.

ಪಾಠ ನಿಜವಾದದ್ದರ ಹಾಗೆ ಇರಲಿ ಎಂದು ಟೀಚರು ಒಂದು ದಿನ ಆ ಯಂತ್ರಕ್ಕೆ ನಿಜವಾದ ಸರ್ವರಿನ ವಿಳಾಸ ಕೊಟ್ಟು ನೋಡಿದರು. ಕೂಡಿಕೊಳ್ಳುವುದಿಲ್ಲ ಎಂದುಕೊಂಡಿದ್ದರು. ಕೂಡಿಕೊಂಡಿತು. ಕೂಡಿಕೊಂಡ ಮೇಲೆ ಅದಕ್ಕೆ ಅನುಮತಿ ಇದೆ ಎಂದೇ ಅರ್ಥ, ಅನುಮತಿ ಇಲ್ಲದಿದ್ದರೆ ಬಿಡುತ್ತಿದ್ದರೇ? ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ಅಷ್ಟೂ ನೋಡುವುದಿಲ್ಲವೇ? ಬುದ್ಧಿ ಇರುವವರು ಯಾರೇ ಆದರೂ ಹಾಗೆಯೇ ಯೋಚಿಸುತ್ತಿದ್ದರು.

ರಬ್ಬರಿನ ರೋಗಿಯ ಬೆಡ್ಡಿಗೂ ಒಂದು ನಂಬರ್ ಇತ್ತು. ಅದು ಅತ್ತೆಯ ಬೆಡ್ಡಿನ ನಂಬರೇ ಆಗಿತ್ತು. (ಕಾಕತಾಳೀಯ ಎನ್ನುತ್ತೀರಿ. ಹೌದು. ಇದು ಕಥೆ, ಇಲ್ಲಿ ಕಾಕತಾಳೀಯಕ್ಕೆ ನಾನೇ ಸಹಿ ಹಾಕುತ್ತೇನೆ. ಯಾರ ಬೆಡ್ಡಿನದಾದರೂ ಆಗಿರುತ್ತಿತ್ತಲ್ಲ, ಆಗ ನೀವು ಕೇಳುತ್ತಿರಲಿಲ್ಲ.)

ನೆಲಮಾಳಿಗೆಯಲ್ಲಿ ಸೊಸೆಯ ಸ್ಕ್ರೀನಿನ ಮೇಲೆ ಹೊಸ ಯಂತ್ರವೊಂದರ ಹೆಸರು ಸರಿದುಹೋಯಿತು. ಹೆಸರಿನಲ್ಲೇ ತರಬೇತಿ ಎಂದಿತ್ತು. ಇದು ಇಲ್ಲೇನು ಮಾಡುತ್ತಿದೆ ಎಂದು ಬಗ್ಗಿ ನೋಡಿದಳು. ಇನ್ಸುಲಿನ್, ಪ್ರಮಾಣ, ಬೆಡ್ಡಿನ ನಂಬರ್. ಅತ್ತೆಗೆ ಅಂದು ಕಾಲಿನ ಗಾಯ ಶುಚಿ ಮಾಡಬೇಕೆಂದು ಬೆಳಗಿನಿಂದ ತಿನ್ನಲು ಏನೂ ಕೊಟ್ಟಿರಲಿಲ್ಲ. ಆ ಪ್ರಮಾಣ ಖಾಲಿ ಹೊಟ್ಟೆಯ ಮೇಲೆ ಒಳಗೆ ಹೋದರೆ ಸಕ್ಕರೆ ಕುಸಿದು, ಪ್ರಜ್ಞೆ ತಪ್ಪಿ, ಮತ್ತೆ ಏಳದೆ ಹೋಗಬಹುದು ಎಂದು ಇಷ್ಟು ವರ್ಷ ಅವರ ಜೊತೆ ಬದುಕಿದ ಸೊಸೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ವಾರ್ಡಿಗೆ ಫೋನ್ ಮಾಡಿದಳು. ಎಂಗೇಜ್. ಸ್ವೆಟರ್ ಹಾಕಿಕೊಂಡೇ ಓಡಿದಳು. ಬಕೆಟ್ ಕಾಲಿಗೆ ತಾಗಿ ಉರುಳಿತು. ಲಿಫ್ಟಿನಲ್ಲಿ ಸ್ಟ್ರೆಚರ್ ಇತ್ತು, ಮೆಟ್ಟಿಲು ಹತ್ತಿದಳು.

೭

ಅತ್ತೆಯ ಬೆಡ್ಡಿನ ಪರದೆಯ ಈಚೆಗೆ ಬರುವಾಗಲೇ ಅವಳಿಗೆ ಒಳಗಿನ ಮಾತು ಕೇಳಿಸಿತು. ಸಿಸ್ಟರಿಗೂ ಪ್ರಮಾಣದ ಬಗ್ಗೆ ಸ್ವಲ್ಪ ಅನುಮಾನವಿತ್ತು. ಅದಕ್ಕೇ ಇರಬೇಕು, ಅಜ್ಜಿ, ಇವತ್ತು ಯಾರು ಬರೆದರು ಅಂತ ಕೇಳಲ್ವಾ ಎಂದು ತಮಾಷೆಯಾಗಿ ಕೇಳಿದರು. ಅತ್ತೆ ಆಗಲೇ ತೋಳು ಚಾಚಿದ್ದರು.

“ಇದೆಲ್ಲ ನಮ್ಮ ಸೊಸೆ ಕೈ ದಾಟಿ ಬರೋದಮ್ಮ,” ಎಂದರು ಅತ್ತೆ. “ಅವಳು ಕೇಳಿರ್ತಾಳೆ.”

ಸೊಸೆ ಪರದೆ ಸರಿಸಿ, ಕೊಡಬೇಡಿ ಎಂದಳು. ಸಿಸ್ಟರ ಕೈ ನಿಂತಿತು. ಆದರೆ ಸೂಜಿ ಕೆಳಗಿಳಿಯಲಿಲ್ಲ.

“ಯಾರು ಹೇಳಿದ್ರು ಮೇಡಂ? ಆರ್ಡರ್ ಸ್ಕ್ರೀನ್ ಮೇಲಿದೆ. ಬೇಡ ಅನ್ನೋಕೆ ಡಾಕ್ಟ್ರು ಹೇಳಬೇಕಲ್ವಾ?”

ತಪ್ಪೇನಿಲ್ಲ. ನೆಲಮಾಳಿಗೆಯವರು ಬಂದು ಔಷಧಿ ಬೇಡ ಎಂದರೆ ಯಾವ ಸಿಸ್ಟರು ಕೇಳುತ್ತಾರೆ? ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿದ್ದರು. ಇಲ್ಲಿ ನಾನು ಎಲ್ಲರನ್ನೂ ನಿಂತಲ್ಲೇ ನಿಲ್ಲಿಸಿ, ಸೊಸೆಯನ್ನು ಪಕ್ಕಕ್ಕೆ ಕರೆದು ಕೊನೆಗಳನ್ನು ತೋರಿಸಿದೆ.

ಕೊನೆ ಒಂದು: ಡಾಕ್ಟರು ಥಿಯೇಟರಿನಿಂದ ಕೈಗವಸು ಕಳಚುತ್ತಾ ಸರಿಯಾದ ಸಮಯಕ್ಕೆ ಬರುತ್ತಾರೆ. ಅವಳು ಅದನ್ನು ನೋಡಲೂ ಇಲ್ಲ. ಡಾಕ್ಟರು ಸರಿಯಾದ ಸಮಯಕ್ಕೆ ಬರುವ ಕಥೆಯನ್ನು ಆಸ್ಪತ್ರೆಯವರು ಯಾರೂ ಓದುವುದಿಲ್ಲವಂತೆ.

ಕೊನೆ ಎರಡು: ಅತ್ತೆಯೇ ಎಂದಿನಂತೆ ಯಾರು ಹೇಳಿದ್ದು ಎಂದು ಕೇಳಿ, ಆ ಒಂದು ಪ್ರಶ್ನೆಯಿಂದ ತಮ್ಮ ಜೀವ ತಾವೇ ಉಳಿಸಿಕೊಳ್ಳುತ್ತಾರೆ. ಇದು ನನಗೆ ಬಹಳ ಇಷ್ಟವಾದ ಕೊನೆ. ಇದಕ್ಕಾಗಿಯೇ ನಾನು ಅವರನ್ನು ಟಿಕೆಟ್ ತಪಾಸಣೆಗೆ ಸೇರಿಸಿದ್ದು. ಇಲ್ಲ, ಅವರು ಕೇಳಲಿಲ್ಲ ಎಂದಳು. ಯಾಕೆ ಕೇಳಲಿಲ್ಲ ಅಂತ ನೀವೇ ಬರೆದಿದ್ದೀರಿ, ಮೇಲೆ ನೋಡಿ ಎಂದಳು. ಮೇಲೆ ನೋಡಿದೆ. ನಾನೇ ಬರೆದಿದ್ದೆ.

ಕೊನೆ ಮೂರು: ಸ್ಕ್ರೀನ್ ಕೆಟ್ಟಿದೆ ಎಂದು ಹೇಳಿಬಿಡುವುದು. ಅತ್ತೆ ಉಳಿಯುತ್ತಾರೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ, ಸೊಸೆಯ ಮಾನವೂ ಉಳಿಯುತ್ತದೆ. ಇದನ್ನು ನಾನು ಸ್ವಲ್ಪ ಬೆಣ್ಣೆ ಹಚ್ಚಿಯೇ ಮುಂದಿಟ್ಟೆ. ಅವಳು ಒಂದು ಕ್ಷಣ ಅದನ್ನು ನಿಜಕ್ಕೂ ನೋಡಿದಳು, ನಾನು ಕಂಡೆ.

“ಸ್ಕ್ರೀನ್ ಕೆಟ್ಟಿದೆ ಅಂದ್ರೆ ಅವರು ನರ್ಸಿಂಗ್ ಸ್ಟೇಷನ್ನಿನ ಸ್ಕ್ರೀನ್ ನೋಡ್ತಾರೆ,” ಎಂದಳು. “ಅಲ್ಲೂ ಅದೇ ಇರುತ್ತೆ, ಅದೇ ಬೀಗದ ಜೊತೆಗೆ. ನಿಮಗೆ ನನ್ನ ಕೆಲಸ ಇನ್ನೂ ಅರ್ಥ ಆಗಿಲ್ಲ.”

ನನ್ನ ಬಳಿ ಬೇರೆ ಕೊನೆ ಇರಲಿಲ್ಲ. ಅವಳು ವಾಪಸ್ಸು ಬೆಡ್ಡಿನ ಬಳಿ ಹೋಗಿ ನಿಂತಳು. ಮದುವೆಯಾದ ದಿನದಿಂದ ಅವಳ ಒಂದು ಮಾತನ್ನೂ ವಿಚಾರಿಸದೆ ಒಪ್ಪದ ಹೆಂಗಸು, ಮೊದಲ ಸಲ ಒಪ್ಪಿ ತೋಳು ಚಾಚಿ ಮಲಗಿದ್ದರು. ಅವರ ಎದುರಿಗೇ ಹೇಳಬೇಕಿತ್ತು.

“ಆ ಆರ್ಡರ್ ಡಾಕ್ಟ್ರದಲ್ಲ ಸಿಸ್ಟರ್. ತರಬೇತಿ ಕೋಣೆಯಿಂದ ಬಂದಿದೆ. ಸರ್ವರ್ ಯಾರನ್ನೂ ಏನೂ ಕೇಳ್ತಿಲ್ಲ. ಕೇಳೋದನ್ನ ಆಫ್ ಮಾಡಿದ್ದೀವಿ.”

ಸೂಜಿ ಟ್ರೇಗೆ ಇಳಿಯಿತು. ಸಿಸ್ಟರು ಹಸಿರು ಬೀಗವನ್ನು ನೋಡಿದರು, ಆಮೇಲೆ ತಮ್ಮ ಕೈಯನ್ನು ನೋಡಿಕೊಂಡರು. ಅತ್ತೆ ತೋಳನ್ನು ನಿಧಾನವಾಗಿ ಹೊದಿಕೆಯೊಳಗೆ ಎಳೆದುಕೊಂಡರು.

“ಆಫ್ ಮಾಡು ಅಂತ ಯಾರು ಹೇಳಿದ್ದು?” ಎಂದು ಕೇಳಿದರು.

ಸದ್ಯಕ್ಕೆ ಸಾಹೇಬರು ಎನ್ನು, ನಿಜವೇ ತಾನೆ ಎಂದು ನಾನು ಹಿಂದಿನಿಂದ ಪಿಸುಗುಟ್ಟಿದೆ. ಅವರಿಗೆ ಮೇಲಿನವರು, ಆ ಮೇಲಿನವರಿಗೆ ಮಂತ್ರಿಗಳು, ಹೀಗೆ ಹತ್ತುತ್ತಾ ಹೋದರೆ ನಿನ್ನವರೆಗೆ ಯಾರೂ ಇಳಿದು ಬರುವುದಿಲ್ಲ. ಅವಳು ನನ್ನ ಕಡೆ ತಿರುಗಲಿಲ್ಲ.

“ಆಫ್ ಮಾಡಿದ್ದು ನಾನೇ ಅತ್ತೆ,” ಎಂದಳು.

ಅವಳಿಗೆ ಅಳು ಬಂತು. ಇಲ್ಲಿ ಅತ್ತೆ ಅವಳ ಕೈ ಹಿಡಿದುಕೊಳ್ಳಬೇಕು, ಕ್ಷಮಿಸಬೇಕು, ನಾವೆಲ್ಲ ಕಣ್ಣೊರೆಸಿಕೊಂಡು ಪುಟ ಮಗುಚಬೇಕು. ಆ ಸಾಲನ್ನು ಬರೆದೂ ಇದ್ದೆ. ಅತ್ತೆ ನನ್ನ ಸಾಲನ್ನು ಬೆಳಕಿಗೆ ಹಿಡಿದು ನೋಡಿ ಹಿಂದಕ್ಕೆ ಕೊಟ್ಟರು.

“ಇನ್ನೂ ಆಫ್ ಇದೆಯಾ?” ಎಂದರು ಸೊಸೆಗೆ.

ಸೊಸೆ ಹೌದೆಂದು ತಲೆಯಾಡಿಸಿದಳು.

“ಈ ವಾರ್ಡಲ್ಲಿ ಇಷ್ಟು ಜನ ಮಲಗಿದ್ದಾರೆ. ಮತ್ತೆ ನೀನಿಲ್ಲಿ ನಿಂತು ಏನ್ ಮಾಡ್ತಿದ್ದೀಯ?”

೮

ಈ ಕರಡನ್ನು ಮುನ್ನುಡಿಯ ಹಿರಿಯರಿಗೆ ಕಳಿಸಿದ್ದೆ. ಕಥೆ ಚೆನ್ನಾಗಿದೆ, ಆದರೆ ಮುಕ್ತಾಯವಿಲ್ಲ ಎಂದರು. ಅತ್ತೆ ಮನೆಗೆ ಬಂದರೇ, ಸೊಸೆಯ ಕೆಲಸ ಉಳಿಯಿತೇ, ಇಬ್ಬರೂ ಮಾತಾಡಿಕೊಂಡರೇ, ಓದುಗರಿಗೆ ತಿಳಿಯಬೇಡವೇ ಎಂದು ಕೇಳಿದರು. ಸದ್ಯಕ್ಕೆ ಒಂದು ಒಳ್ಳೆಯ ಕೊನೆ ಹಾಕಿ ಕಳಿಸಿ, ಆಮೇಲೆ ನೋಡೋಣ ಎಂದರು. ಆ ಪದವನ್ನು ಅವರ ಬಾಯಲ್ಲಿ ಕೇಳಿ ನನಗೆ ಮೈ ಉರಿಯಿತು.

ಇಷ್ಟು ಮಾತ್ರ ಹೇಳಬಲ್ಲೆ. ಸೊಸೆ ಈಗ ಮೆಟ್ಟಿಲಿಳಿಯುತ್ತಿದ್ದಾಳೆ. ಸಾಹೇಬರು ಎದುರಿಗೆ ಬರುತ್ತಾರೆ. ಸಿಸ್ಟರು ಅವರಿಗೆ ಫೋನ್ ಮಾಡಿದ್ದಾರೆ, ಅವರ ಮುಖ ಬೆವೆತಿದೆ. ಸರ್ವರ್ ನಿಲ್ಲಿಸುತ್ತೇನೆ ಎಂದು ಅವಳು ನಿಲ್ಲದೆ ಹೇಳುತ್ತಾಳೆ. ನಿಲ್ಲಿಸಿದರೆ ಅಷ್ಟು ಹೊತ್ತು ಆಸ್ಪತ್ರೆಯ ಎಲ್ಲ ಸ್ಕ್ರೀನುಗಳೂ ಬೋಳಾಗುತ್ತವೆ, ಮೇಲಿನವರನ್ನು ಕೇಳಬೇಕು, ಅವರು ಅವರ ಮೇಲಿನವರನ್ನು ಕೇಳಬೇಕು ಎಂದು ಸಾಹೇಬರು ರೇಲಿಂಗ್ ಹಿಡಿದು ಹಿಂದೆ ಹಿಂದೆಯೇ ಇಳಿಯುತ್ತಾರೆ.

“ಯಾರು ಹೇಳಿದ್ದಮ್ಮ ನಿನಗೆ ನಿಲ್ಲಿಸೋಕೆ?”

“ನಮ್ಮತ್ತೆ,” ಎನ್ನುತ್ತಾಳೆ ಸೊಸೆ.

ಕೆಳಗೆ ಕಾರಿಡಾರಿನವರೆಗೂ ಬಕೆಟ್ಟಿನ ನೀರು ಹರಡಿದೆ, ಅದನ್ನು ದಾಟಿದರೆ ಕೋಣೆ. ಒಂದು ಸರ್ಟಿಫಿಕೇಟ್ ಹಾಕಬೇಕು, ಒಂದು ಸಾಲು ಅಳಿಸಬೇಕು. ಅಲ್ಲಿಯವರೆಗೆ ತರಬೇತಿ ಕೋಣೆಯ ಟೀಚರು ಮುಂದಿನ ಪಾಠಕ್ಕೆ ಇನ್ನೊಂದು ಬೆಡ್ಡಿನ ನಂಬರ್ ಒತ್ತುತ್ತಿರಬಹುದು, ಯಾರದೆಂದು ನನಗೆ ಗೊತ್ತಿಲ್ಲ. ನೀವು ಕೊನೆ ಕೇಳುತ್ತಿದ್ದೀರಿ. ನಾನಿಲ್ಲಿ ಪೂರ್ಣವಿರಾಮ ಹಾಕಿದರೆ ಅವಳು ಮೆಟ್ಟಿಲ ಮೇಲೆಯೇ ನಿಂತುಬಿಡುತ್ತಾಳೆ, ಆ ಸಾಲು ಇದ್ದಲ್ಲೇ ಇರುತ್ತದೆ. ಹಾಗಾಗಿ ಹಾಕುವುದಿಲ್ಲ. ದಾರಿ ಬಿಡಿ, ಅವಳು ಇಳಿಯುತ್ತಿದ್ದಾಳೆ